ಏಳನೆಯ ವಚನಕ್ಕೆ ಮುಂಚೆ ನಾಲ್ಕನೆಯ ವಚನ

ಯೌವನಸ್ಥರ ಕೂಟದ ಸಂದೇಶ
ವಾಕ್ಯಭಾಗ: 2 ತಿಮೊಥೆಯ 1:3–7

 

ಬೈಬಲ್ ತಂದಿರೋರು, ಮೊಬೈಲ್‌ನಲ್ಲಿ ಓದೋರು, ಎಲ್ಲರೂ 2 ತಿಮೊಥೆಯ ಒಂದನೆಯ ಅಧ್ಯಾಯ ತೆಗೆಯಿರಿ. ಇಲ್ಲಿರೋ ಏಳನೆಯ ವಚನ ನಮ್ಮಲ್ಲಿ ಹೆಚ್ಚಿನವರಿಗೆ ಬಾಯಿಪಾಠ. ದೇವರು ನಮಗೆ ಕೊಟ್ಟ ಆತ್ಮ ಹೇಡಿತನದ್ದಲ್ಲ ಅಂತ ಹೇಳುವ ವಚನ. ಸಂಡೇ ಸ್ಕೂಲ್‌ನಲ್ಲಿ ಕಲಿತಿದ್ದೀವಿ, ಪರೀಕ್ಷೆ ದಿನ ಹೇಳ್ಕೊಂಡಿದ್ದೀವಿ, ವಾಟ್ಸಾಪ್ ಸ್ಟೇಟಸ್‌ಗೂ ಹಾಕಿದ್ದೀವಿ. ಒಳ್ಳೆಯದೇ.

ಆದ್ರೆ ಸಭೆಗಳಲ್ಲಿ ಈ ವಚನವನ್ನು ಇನ್ನೊಂದು ರೀತಿಯಲ್ಲೂ ಬಳಸೋದುಂಟು. ಒಬ್ಬ ಹುಡುಗ ಬಂದು, "ಅಂಕಲ್, ರಾತ್ರಿ ನಿದ್ದೆ ಬರ್ತಿಲ್ಲ, ಎದೆ ಡವಡವ ಅನ್ನುತ್ತೆ, ಯಾವುದೂ ಬೇಡ ಅನ್ನಿಸ್ತಿದೆ" ಅಂತಾನೆ. ಅವನ ಮಾತು ಇನ್ನೂ ಮುಗಿದಿರಲ್ಲ, ಈ ವಚನ ಬರುತ್ತೆ. "ಭಯ ದೇವರಿಂದ ಬಂದದ್ದಲ್ಲಪ್ಪ, ಗದರಿಸಿ ಓಡಿಸು." ಹುಡುಗ ಆಮೆನ್ ಅಂದು ಹೋಗ್ತಾನೆ. ಮತ್ತೆ ಆ ವಿಷಯ ಎತ್ತೋದಿಲ್ಲ. ವಾಸಿಯಾಯ್ತು ಅಂತ ದೊಡ್ಡವರು ಸ್ತೋತ್ರ ಹೇಳ್ತಾರೆ. ಹುಡುಗ ಮಾತ್ರ ಅದೇ ರಾತ್ರಿಗಳನ್ನ ಒಬ್ಬನೇ ಕಳೀತಿರ್ತಾನೆ.

ಪ್ರಿಯರೇ, ಪೌಲನು ಏಳನೆಯ ವಚನದಿಂದ ಶುರು ಮಾಡಲಿಲ್ಲ. ಮೂರರಲ್ಲಿ ಹಗಲಿರುಳು ನಿನಗಾಗಿ ಪ್ರಾರ್ಥಿಸ್ತೇನೆ ಅಂತಾನೆ. ನಾಲ್ಕರಲ್ಲಿ ನಿನ್ನ ಕಣ್ಣೀರು ನೆನಪಿದೆ, ನಿನ್ನನ್ನ ನೋಡಬೇಕು ಅಂತಾನೆ. ಐದರಲ್ಲಿ ಅಜ್ಜಿ ಲೋವಿ, ತಾಯಿ ಯೂನಿಕೆ ಇಬ್ಬರ ಹೆಸರು ತೆಗೀತಾನೆ. ಆರರಲ್ಲಿ ನಿನ್ನ ಮೇಲೆ ಕೈಯಿಟ್ಟವನು ನಾನು ಅಂತ ನೆನಪಿಸ್ತಾನೆ. ಪ್ರಾರ್ಥನೆ, ಕಣ್ಣೀರು, ಮನೆಯವರು, ಕೈಯ ಸ್ಪರ್ಶ. ಇಷ್ಟೆಲ್ಲ ಆದ ಮೇಲೆ ಏಳನೆಯ ವಚನ ಬರುತ್ತೆ. ನಾಲ್ಕನೆಯ ವಚನವನ್ನು ಬದುಕಿ ತೋರಿಸದವನ ಬಾಯಲ್ಲಿ ಏಳನೆಯ ವಚನ ಕಲ್ಲಿನ ಹಾಗೆ ಬೀಳುತ್ತೆ. ಇವತ್ತಿನ ಸಂದೇಶ ಇಷ್ಟೇ.

1. ಭಯ ತೆಗೆಯುವ ಕೆಲಸ ಸಭೆಯದ್ದು

ತಿಮೊಥೆಯ ಯಾರು? ಲುಸ್ತ್ರದ ಹುಡುಗ. ತಾಯಿ ಯೆಹೂದ್ಯಳು, ನಂಬಿದವಳು. ತಂದೆ ಗ್ರೀಕನು ಅಂತ ಅಪೊಸ್ತಲರ ಕೃತ್ಯಗಳು 16ರಲ್ಲಿ ಓದ್ತೀವಿ. ಚಿಕ್ಕ ವಯಸ್ಸಿನಲ್ಲೇ ಎಫೆಸದಂಥ ದೊಡ್ಡ ಪಟ್ಟಣದ ಸಭೆಯ ಭಾರ ಅವನ ಹೆಗಲ ಮೇಲೆ ಬಿತ್ತು. ಯೌವನಸ್ಥ ಅಂತ ಅವನನ್ನು ಅಸಡ್ಡೆ ಮಾಡೋ ಜನ ಇದ್ದಿರಬೇಕು, ಇಲ್ಲದಿದ್ರೆ 1 ತಿಮೊಥೆಯ 4:12 ಬರೆಯೋ ಅಗತ್ಯ ಇರ್ತಿರಲಿಲ್ಲ. ಊರಿಂದ ಬಂದು ಪಿಜಿಯಲ್ಲಿದ್ದು, ಇಪ್ಪತ್ನಾಲ್ಕನೇ ವಯಸ್ಸಿಗೆ ಟೀಮಿನ ಜವಾಬ್ದಾರಿ ಹೊತ್ತು, ತಿಂಗಳ ಕೊನೆಗೆ ಮನೆಗೆ ದುಡ್ಡು ಕಳಿಸೋ ನಿಮಗೆ ಈ ಹುಡುಗನ ಪಾಡು ಅರ್ಥ ಆಗುತ್ತೆ.

ಈಗ 1 ಕೊರಿಂಥ 16:10 ನೋಡಿ. ತಿಮೊಥೆಯ ನಿಮ್ಮಲ್ಲಿಗೆ ಬಂದ್ರೆ ಅವನು ಭಯವಿಲ್ಲದೆ ಇರೋ ಹಾಗೆ ನೋಡ್ಕೊಳ್ಳಿ ಅಂತ ಪೌಲ ಸಭೆಗೆ ಹೇಳ್ತಾನೆ. ಗಮನಿಸಿದ್ರಾ? ಭಯ ತಿಮೊಥೆಯನಿಗೆ, ಆಜ್ಞೆ ಸಭೆಗೆ! ಒಬ್ಬ ತಮ್ಮನೋ ತಂಗಿಯೋ ನಮ್ಮ ಮಧ್ಯೆ ಹೆದರಿಕೊಂಡು ಕೂತಿದ್ರೆ, "ಅವನ ವಿಶ್ವಾಸ ಕಡಿಮೆ" ಅಂತ ಬರೆದು ಮುಗಿಸೋಕೆ ಈ ವಾಕ್ಯ ಬಿಡೋದಿಲ್ಲ. ಅವನು ಹೆದರದೆ ಬಾಯಿಬಿಡೋ ಜಾಗ ನಮ್ಮ ಸಭೆಯಲ್ಲಿದೆಯಾ ಅಂತ ನಮ್ಮನ್ನೇ ಕೇಳುತ್ತೆ.

ನಿಮ್ಹಾನ್ಸ್ ಮುಂದೆ ನಿಂತು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ, ನೂರು ಜನ ವಯಸ್ಕರಲ್ಲಿ ಸುಮಾರು ಹತ್ತು ಜನ ಒಂದಲ್ಲ ಒಂದು ಮಾನಸಿಕ ಕಾಯಿಲೆ ಅನುಭವಿಸ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನೂರು ಕುರ್ಚಿ ಹಾಕೋ ಸಭೆಯಲ್ಲಿ ಹತ್ತು ಕುರ್ಚಿ ಅಂದ್ಕೊಳ್ಳಿ. ಅದರಲ್ಲಿ ಡ್ರಮ್ಸ್ ಬಾರಿಸೋ ಹುಡುಗ ಇರಬಹುದು, ಆರಾಧನೆ ನಡೆಸೋ ಸಿಸ್ಟರ್ ಇರಬಹುದು, ಪಾಸ್ಟರೂ ಇರಬಹುದು.

2. ಮಾತ್ರೆ ನುಂಗಿದ್ರೆ ವಿಶ್ವಾಸ ಹೋಗುತ್ತಾ?

ಈ ಪ್ರಶ್ನೆ ಪಿಸುಮಾತಲ್ಲಿ ಬರುತ್ತೆ. ಇವತ್ತು ಗಟ್ಟಿಯಾಗಿ ಉತ್ತರ ಕೊಡೋಣ.

ಅಪೊಸ್ತಲರ ಕೃತ್ಯಗಳು 19ರಲ್ಲಿ, ಎಫೆಸದಲ್ಲಿ, ಪೌಲನ ಮೈಮೇಲಿದ್ದ ಬಟ್ಟೆಯನ್ನು ಒಯ್ದು ರೋಗಿಗಳ ಮೇಲೆ ಹಾಕಿದ್ರೆ ವಾಸಿಯಾಗ್ತಿತ್ತು. ಹಲ್ಲೆಲೂಯಾ! ಅದನ್ನ ನಾವು ನಂಬ್ತೀವಿ. ಅದೇ ಎಫೆಸದಲ್ಲಿ ತಿಮೊಥೆಯನಿಗೆ ಹೊಟ್ಟೆ ಸರಿಯಿಲ್ಲ, ಆಗಾಗ ಕಾಯಿಲೆ. ಪೌಲ ಅವನಿಗೆ ಬಟ್ಟೆ ಕಳಿಸಿದನಾ? ಇಲ್ಲ. 1 ತಿಮೊಥೆಯ 5:23ರಲ್ಲಿ ಆ ಕಾಲದ ಮನೆಮದ್ದು ಬರೆದು ಕಳಿಸಿದ, ಸ್ವಲ್ಪ ದ್ರಾಕ್ಷಾರಸ ತಗೋ ಅಂತ. (ಇದನ್ನ ಹಿಡ್ಕೊಂಡು ಬಾರ್ ಕಡೆ ಯಾರೂ ಹೋಗಬೇಡಿ, ಅದು ಔಷಧಿಯ ಮಾತು!) ತಿಮೊಥೆಯನ ಹೊಟ್ಟೆನೋವು ಮನಸ್ಸಿನ ಭಾರದಿಂದ ಬಂತು ಅಂತ ವಾಕ್ಯ ಹೇಳಲ್ಲ, ನಾವೂ ಸೇರಿಸೋದು ಬೇಡ. ಅದ್ಭುತಗಳನ್ನು ಕಣ್ಣಾರೆ ಕಂಡ ಅಪೊಸ್ತಲನಿಗೆ ಮದ್ದು ಹೇಳೋಕೆ ನಾಚಿಕೆ ಆಗಲಿಲ್ಲ, ಅಷ್ಟನ್ನ ನೋಡಿ. ಅವನ ಜೊತೆ ಕೊನೆವರೆಗೂ ಇದ್ದ ಲೂಕ ವೈದ್ಯನೇ.

"ಇದು ದೆವ್ವದ ಕಾಟ ಅಲ್ವಾ ಬ್ರದರ್?" ಅಂತ ಕೇಳೋರಿದ್ದಾರೆ. ಮತ್ತಾಯ 4:24 ಓದಿ. ಯೇಸುವಿನ ಹತ್ತಿರ ಕರೆತಂದವರ ಪಟ್ಟಿಯಲ್ಲಿ ರೋಗಿಗಳು ಬೇರೆ, ದೆವ್ವ ಹಿಡಿದವರು ಬೇರೆ, ಮೂರ್ಛೆರೋಗದವರು ಬೇರೆ. ಸುವಾರ್ತೆ ಬರೆದವನಿಗೆ ವ್ಯತ್ಯಾಸ ಗೊತ್ತಿತ್ತು. ನಮಗೂ ಗೊತ್ತಿರಬೇಕು. ಡಿಪ್ರೆಶನ್ ಬಂದ ತಂಗಿಯ ಮುಂದೆ ನಿಂತು ದೆವ್ವವನ್ನು ಗದರಿಸಿದ್ರೆ, ಅವಳಿಗಿದ್ದ ನೋವಿಗೆ ನಾಚಿಕೆ, ಭಯ ಎರಡೂ ಸೇರಿಸಿ ಮನೆಗೆ ಕಳಿಸಿದ ಹಾಗೆ.

ಮುಖ್ಯವಾದ ಮಾತು. ಡಿಪ್ರೆಶನ್‌ಗೆ ಕೊಡೋ ಮಾತ್ರೆ ತಲೆನೋವಿನ ಮಾತ್ರೆ ಥರ ಅಲ್ಲ, ಕೆಲಸ ಮಾಡೋಕೆ ಸಾಮಾನ್ಯವಾಗಿ ಕೆಲವು ವಾರ ಬೇಕು. ಚೆನ್ನಾಗಿದೆ ಅನ್ನಿಸಿದ ತಕ್ಷಣ ನಾವೇ ನಿಲ್ಲಿಸಬಾರದು. ಡಾಕ್ಟರ್ ಹೇಳಿದ ಹಾಗೆ ಹಂತ ಹಂತವಾಗಿ ಇಳಿಸಬೇಕು. ಉಪವಾಸ ಪ್ರಾರ್ಥನೆಯಲ್ಲಿ ಬಿಡುಗಡೆ ಸಿಕ್ಕಿತು ಅಂತ ಮಾತ್ರೆ ಎಸೆದು ಸಾಕ್ಷಿ ಹೇಳೋಕೆ ಬರಬೇಡಿ. ದೇವರು ಸ್ವಸ್ಥ ಮಾಡಿದ್ರೆ ಅದು ಡಾಕ್ಟರ್ ಕಣ್ಣಿಗೂ ಕಾಣುತ್ತೆ. ಕುಷ್ಠರೋಗಿಗಳನ್ನ ಯೇಸು ಯಾಜಕರಿಗೆ ಮೈ ತೋರಿಸೋಕೆ ಕಳಿಸಿದನಲ್ಲ? ಹಾಗೆಯೇ ನೀವೂ ಡಾಕ್ಟರಿಗೆ ತೋರಿಸಿ. ಮಾತ್ರೆ ನುಂಗ್ತಾ ಪ್ರಾರ್ಥಿಸೋನು ಅರ್ಧ ವಿಶ್ವಾಸಿ ಅಲ್ಲ.

3. ಅಪ್ಪ ಅಮ್ಮನ ನೋವಿಗೆ ಹೆಸರೇ ಇರಲಿಲ್ಲ

ಯೌವನಸ್ಥರೇ, ಈಗ ನಿಮ್ಮ ಕಡೆ ಬರ್ತೀನಿ. "ಮನೇಲಿ ಹೇಳಿದ್ರೆ ಅರ್ಥ ಆಗಲ್ಲ, ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ಅಂತಾರೆ" ಅಂತೀರಿ. ನಿಜ, ಹಾಗೆ ಅನ್ನೋದುಂಟು. ಆದ್ರೆ ಅವರ ಕಾಲದಲ್ಲೂ ಇತ್ತು, ಹೆಸರಿರಲಿಲ್ಲ. ನೀವು ಆಂಕ್ಸೈಟಿ ಅನ್ನೋದನ್ನ ನಿಮ್ಮಮ್ಮ "ಎದೆ ಹಾರುತ್ತೆ, ತಲೆ ಭಾರ, ಕೈಕಾಲು ಜೋಮು" ಅನ್ನಬಹುದು. ಅಪ್ಪ ಏನೂ ಅನ್ನದೆ ಟಿವಿ ಮುಂದೆ ಸುಮ್ಮನೆ ಕೂತಿರಬಹುದು, ಇಲ್ಲವೇ ಸಣ್ಣದಕ್ಕೂ ರೇಗಬಹುದು.

2001ರಲ್ಲಿ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತು. ತಲೆಮಾರುಗಳಿಂದ ಗಣಿಗೆ ಇಳಿದ ಮನೆಗಳಲ್ಲಿ ಕೆಲಸ ಹೋಯ್ತು. ಆಗ ಚರ್ಚೆ ಆದದ್ದು ಪರಿಹಾರದ ಹಣ, ಕ್ವಾರ್ಟರ್ಸ್, ಮುಂದಿನ ಕೆಲಸ. "ನಿನ್ನ ಮನಸ್ಸು ಹೇಗಿದೆ?" ಅಂತ ಆ ಗಂಡಸರನ್ನ ಎಷ್ಟು ಜನ ಕೇಳಿರಬಹುದು? ಅವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಬರ್ತಾರೆ. ಹೊರಗಿನಿಂದ ಗಟ್ಟಿಯಾಗಿ ಕಾಣೋ ಅಪ್ಪಂದಿರೆಲ್ಲ ಒಳಗೂ ಗಟ್ಟಿಯಾಗಿದ್ದರು ಅಂತ ಅಂದ್ಕೋಬೇಡಿ.

ಪೌಲನೂ ಒಳಗೆ ಕುಸಿದವನೇ. ಆಸ್ಯದಲ್ಲಿ ಜೀವದ ಆಸೆಯೇ ಹೋಗಿತ್ತು ಅಂತ 2 ಕೊರಿಂಥ 1:8ರಲ್ಲಿ ಮುಚ್ಚುಮರೆ ಇಲ್ಲದೆ ಬರೀತಾನೆ. 7ನೇ ಅಧ್ಯಾಯದಲ್ಲಿ, ಹೊರಗೆ ಜಗಳ ಒಳಗೆ ಭಯ ಇದ್ದಾಗ ದೇವರು ಹೇಗೆ ಸಂತೈಸಿದ ಅಂತ ಹೇಳ್ತಾನೆ: ತೀತನು ಬಂದ. ಅಷ್ಟೇ. ಒಬ್ಬ ಕಿರಿಯ ಸಹೋದರ ಬಂದು ಎದುರಿಗೆ ಕೂತದ್ದೇ ದೇವರ ಆದರಣೆ ಆಯ್ತು.

ಇನ್ನು 2 ತಿಮೊಥೆಯದ ಕೊನೆಯ ಅಧ್ಯಾಯ. ಪೌಲ ಸೆರೆಯಲ್ಲಿದ್ದಾನೆ. ದೇಮ ಬಿಟ್ಟುಹೋದ, ಲೂಕ ಒಬ್ಬನೇ ಜೊತೆಗಿದ್ದಾನೆ. ತಿಮೊಥೆಯನಿಗೆ ಬರೀತಾನೆ: ಬೇಗ ಬಾ. ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟ ಮೇಲಂಗಿ ತಾ, ಪುಸ್ತಕಗಳನ್ನೂ ತಾ. ಚಳಿಗಾಲಕ್ಕೆ ಮುಂಚೆ ಬಾ. ಮೊದಲನೆಯ ಅಧ್ಯಾಯದಲ್ಲಿ ಹಿರಿಯನು ಕಿರಿಯನ ಕಣ್ಣೀರು ನೆನೆದ. ಕೊನೆಯ ಅಧ್ಯಾಯದಲ್ಲಿ ಅದೇ ಹಿರಿಯ ಕಿರಿಯನ ಹತ್ತಿರ ಒಂದು ಅಂಗಿ ಕೇಳ್ತಾನೆ. ನಿಮ್ಮ ಅಪ್ಪ ಅಮ್ಮ ಬಾಯಿಬಿಟ್ಟು ಕೇಳದೇ ಇರಬಹುದು. "ಊಟ ಆಯ್ತಾ, ಯಾವಾಗ ಬರ್ತೀಯ?" ಅನ್ನೋ ಫೋನಿನಲ್ಲೇ ಆ ಅಂಗಿ ಇದೆ, ಕೇಳಿಸ್ಕೊಳ್ಳಿ.

ಈ ವಾರ ಮಾಡಬೇಕಾದ್ದು

ಒಂದು, ಕೇಳಿ, ಕೇಳಿಸ್ಕೊಳ್ಳಿ. ಸಲಹೆ, ವಚನ, ನಿಮ್ಮ ಕಥೆ, ಮೂರೂ ಆಮೇಲೆ. ಮನೆಯವರ ಹತ್ತಿರ ಇಂಗ್ಲಿಷ್ ಹೆಸರು ಹೇಳಿ ವಾದ ಮಾಡಬೇಡಿ. "ಅಪ್ಪ, ಮೂರು ವಾರದಿಂದ ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಡಾಕ್ಟರ್ ಹತ್ತಿರ ಹೋಗಬೇಕು, ಜೊತೆಗೆ ಬನ್ನಿ" ಅನ್ನಿ. ಈ ಭಾಷೆ ಅವರಿಗೆ ಅರ್ಥ ಆಗುತ್ತೆ.

ಎರಡು, ಎರಡು ವಾರ ದಾಟಿಯೂ ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ, ಊಟ, ಕೆಲಸ ಕೆಡುತ್ತಾ ಇದ್ದರೆ ಡಾಕ್ಟರನ್ನ ಕಾಣಿ. ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಇದೆ. ಸರ್ಕಾರದ ಟೆಲಿ ಮಾನಸ್ 2022ರಲ್ಲಿ ಶುರುವಾಯ್ತು. 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದ್ರೂ, ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು. ಈಗಲೇ ಫೋನ್‌ನಲ್ಲಿ ಸೇವ್ ಮಾಡ್ಕೊಳ್ಳಿ.

ಮೂರು, ಯಾರಾದ್ರೂ "ಇರೋದೇ ಬೇಡ ಅನ್ನಿಸ್ತಿದೆ" ಅಂದ್ರೆ, "ಸಾಯಬೇಕು ಅಂತ ಯೋಚನೆ ಬರ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದ್ರೆ ಆ ಯೋಚನೆ ತಲೆಗೆ ಹೋಗಲ್ಲ; ಎಷ್ಟೋ ಜನಕ್ಕೆ ಭಾರ ಇಳಿಯುತ್ತೆ. ಹೌದು ಅಂದ್ರೆ ಒಬ್ಬರನ್ನೇ ಬಿಡಬೇಡಿ, ಅಪಾಯದ ವಸ್ತು, ಮಾತ್ರೆ, ಕೀಟನಾಶಕ ಕೈಗೆ ಸಿಗದ ಹಾಗೆ ಇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ. ದಾರಿಯಲ್ಲಿ ಪ್ರಾರ್ಥಿಸಿ. "ಯಾರಿಗೂ ಹೇಳಬೇಡ" ಅಂತ ಅವರು ಬೇಡಿದ್ರೂ, ಜೀವದ ವಿಷಯದಲ್ಲಿ ಆ ಮಾತು ಕೊಡಬೇಡಿ. ಬೇರೆಲ್ಲ ವಿಷಯದಲ್ಲಿ ಅವರ ಗುಟ್ಟು ಕಾಪಾಡಿ. ಪ್ರಾರ್ಥನಾ ವಿನಂತಿ ಅಂತ ಹೇಳಿ ಗ್ರೂಪ್‌ಗೆ ಹಾಕೋದು ಪ್ರಾರ್ಥನೆ ಅಲ್ಲ, ಚಾಡಿ.

ನಾಲ್ಕು, ಸೇವೆಯ ಪಟ್ಟಿಯಲ್ಲಿ ಅವರಿಗೆ ರಜೆ ಕೊಡಿ, ಸಭೆಯಲ್ಲಿ ಜಾಗ ತೆಗೀಬೇಡಿ. ಆರಾಧನೆಯಲ್ಲಿ ಕೈ ಎತ್ತೋಕಾಗದೆ ಕೂತವರನ್ನ ಎಬ್ಬಿಸೋಕೆ ಹೋಗಬೇಡಿ. ಪಕ್ಕದಲ್ಲಿ ಕೂತ್ಕೊಳ್ಳಿ.

ಈಗ ಏಳನೆಯ ವಚನಕ್ಕೆ ಬರೋಣ. ದೇವರ ಆತ್ಮ ಕೊಡೋದು ಮೂರು: ಬಲ, ಪ್ರೀತಿ, ಮೂರನೆಯದಕ್ಕೆ ಗ್ರೀಕಿನಲ್ಲಿ ಸೋಫ್ರೊನಿಸ್ಮೋಸ್, ಹಿಡಿತದಲ್ಲಿರೋ ಸ್ವಸ್ಥವಾದ ಮನಸ್ಸು ಅನ್ನೋ ಅರ್ಥ ಅದರಲ್ಲಿದೆ. ಬಲಕ್ಕೂ ಸ್ವಸ್ಥ ಮನಸ್ಸಿಗೂ ನಡುವೆ ಪ್ರೀತಿ ನಿಂತಿದೆ. ನಿಮ್ಮ ಪಕ್ಕದಲ್ಲಿ ಕೂತವರಿಗೆ ಆ ಪ್ರೀತಿ ತಲುಪಬೇಕಾದ್ದು ನಿಮ್ಮ ಕೈಯಿಂದ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮ್ಮ ಕಣ್ಣೀರನ್ನು ಲೆಕ್ಕವಿಡುವ ದೇವರು ನೀನು, ನಿನಗೆ ಸ್ತೋತ್ರ. ಈ ರಾತ್ರಿ ನಿದ್ದೆಯಿಲ್ಲದೆ ಮಲಗುವ ತಮ್ಮಂದಿರನ್ನ, ತಂಗಿಯರನ್ನ ನೆನಪು ಮಾಡಿಕೋ. ಊರಲ್ಲಿ ಮಾತಿಲ್ಲದೆ ಕೂತಿರೋ ತಂದೆತಾಯಿಗಳನ್ನ ಮುಟ್ಟು. ಡಾಕ್ಟರುಗಳ ಕೈಗಳನ್ನ ಆಶೀರ್ವದಿಸು. ಹೆದರಿದವರು ಹೆದರದೆ ಬರೋ ಸಭೆಯನ್ನಾಗಿ ನಮ್ಮನ್ನು ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ಸೆಲ್ ಗುಂಪಿನಲ್ಲಿ ಮಾತಾಡಲು

1. 2 ತಿಮೊಥೆಯ 1:3–7ನ್ನು ಕ್ರಮವಾಗಿ ಓದಿರಿ. ಏಳನೆಯ ವಚನಕ್ಕೆ ಮುಂಚೆ ಪೌಲನು ಏನೇನು ಮಾಡಿದ್ದಾನೆ?
2. 1 ಕೊರಿಂಥ 16:10ರ ಆಜ್ಞೆ ನಮ್ಮ ಗುಂಪಿಗೆ ಬಂದರೆ, ಈ ವಾರ ಏನು ಬದಲಾಗಬೇಕು?
3. ನಿಮ್ಮ ಮನೆಯ ಹಿರಿಯರು ಮನಸ್ಸಿನ ನೋವನ್ನು ಯಾವ ಮಾತುಗಳಲ್ಲಿ ಹೇಳುತ್ತಾರೆ? ಅವರನ್ನು ನೋಡಲು ಯಾವಾಗ ಹೋಗುತ್ತೀರಿ?