ಇಲಿಯ ಗ್ರಂಥಿ ತೆಗೆಯುವವರಿಗೆ ಎಂಟು ಸೂತ್ರ

ಕಾರ್ಕಳದಿಂದಲೋ ಕಾಪುವಿನಿಂದಲೋ ಬೆಳಗಿನ ಬಸ್ಸು ಹತ್ತಿ ಮಣಿಪಾಲದ ಲ್ಯಾಬಿಗೆ ಬರುವ, ಇನ್ನೂ ಕೈ ನಡುಗುವ ಹೊಸ ಸಂಶೋಧಕರಿಗೆ ಇದು.

1. ಮೊದಲು ಕಾಗದ, ಆಮೇಲೆ ಕತ್ತರಿ. ಸಂಸ್ಥೆಯ ಪ್ರಾಣಿ ಎಥಿಕ್ಸ್ ಕಮಿಟಿ ಒಪ್ಪದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಈ ನಿಯಮದ ಬೇರು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿದೆ.

2. ಗಂಟು ಕಲಿಯಿರಿ. ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವವರ ಬೆರಳು ನೋಡಿದ್ದೀರಾ? ನಾರು ತೊಟ್ಟನ್ನು ಬಿಗಿಯುತ್ತದೆ, ಮೊಗ್ಗು ನಲುಗುವುದಿಲ್ಲ. ರಕ್ತನಾಳಕ್ಕೂ ಅದೇ ಹದ. ಮೊದಲು ಬಟ್ಟೆಯ ಮೇಲೆ ಅಭ್ಯಾಸ, ಆಮೇಲೆ ಸತ್ತ ಇಲಿಯ ಮೇಲೆ.

3. ಆಪರೇಶನ್‌ಗೆ ಮೊದಲು ಇಲಿಯನ್ನು ಉಪವಾಸ ಕೆಡವಬೇಡಿ. ಇಲಿಗೆ ವಾಂತಿಯೇ ಆಗುವುದಿಲ್ಲ. ಆದರೆ ಅರಿವಳಿಕೆಯಲ್ಲಿ ಅದರ ಮೈ ಬೇಗ ತಣ್ಣಗಾಗುತ್ತದೆ. ಕೆಳಗೆ ಬಿಸಿ ಹಾಸು ಬೇಕು. ಜುಲೈ ಮಳೆಗೆ ಕರೆಂಟು ಕೈಕೊಟ್ಟರೆ ಏನು ಗತಿ ಎಂದು ಮೊದಲೇ ಯೋಚಿಸಿ, ಮಾರಾಯ್ರೆ. ತೆರೆದೇ ಇರುವ ಕಣ್ಣು ಒಣಗದಂತೆ ಮುಲಾಮು ಹಚ್ಚಿ.

4. 200 ಗ್ರಾಂ ಇಲಿಯ ಮೈಯಲ್ಲಿರುವುದು ಸುಮಾರು 13 ಮಿ.ಲೀ. ರಕ್ತ. ಗಾಜ್ ಬಟ್ಟೆ ಕೆಂಪಾದರೆ ‘ಸ್ವಲ್ಪವೇ’ ಅನ್ನಬೇಡಿ.

5. ಅಂಡಾಶಯದಿಂದ ಶುರು ಮಾಡಿ. ಮುಟ್ಟು ನಿಂತ ಮೇಲಿನ ಮೂಳೆ ಸವೆತವನ್ನು ಅಭ್ಯಸಿಸಲು ಮಾಡುವ ಆಪರೇಶನ್ ಇದು. ಬೆನ್ನಿನ ಕಡೆಯಿಂದ, ಪಕ್ಕೆಲುಬಿನ ಕೆಳಗೆ ಸಣ್ಣ ಸೀಳು. ಮೂತ್ರಪಿಂಡದ ಹಿಂದೆ ಬಿಳಿ ಕೊಬ್ಬಿನ ಮುದ್ದೆ ಕಾಣುತ್ತದೆ. ಅದನ್ನು ಮೆಲ್ಲನೆ ಎಳೆದರೆ ಹಿಪ್ಪುನೇರಳೆ ಹಣ್ಣಿನಂಥ ನಸುಗೆಂಪು ಗೊಂಚಲು ಹೊರಬರುತ್ತದೆ. ಅದರ ಕೆಳಗೆ ದಾರ ಕಟ್ಟಿ, ಕತ್ತರಿಸಿ, ಗರ್ಭಕೋಶದ ಕೊಂಬನ್ನು ಒಳಗೆ ಸೇರಿಸಿ.

6. ಅಡ್ರಿನಲ್ ಗ್ರಂಥಿಯನ್ನೇ ಚಿಮಟದಲ್ಲಿ ಹಿಡಿಯಬೇಡಿ, ಸುತ್ತಲಿನ ಕೊಬ್ಬನ್ನು ಹಿಡಿಯಿರಿ. ಹೊದಿಕೆ ಒಡೆದು ಚೂರು ಉಳಿದರೆ ಮತ್ತೆ ಬೆಳೆಯುತ್ತದೆ, ನಿಮ್ಮ ಪ್ರಯೋಗ ಕೆಡುತ್ತದೆ. ಬಲಗಡೆಯದು ಮಹಾಸಿರೆಗೆ ಅಂಟಿಕೊಂಡಂತಿರುತ್ತದೆ. ಅಲ್ಲಿ ಅವಸರ ಬೇಡ.

7. ತೆಗೆದ ಗ್ರಂಥಿಯ ಕೆಲಸ ಈಗ ನಿಮ್ಮದು. ನನ್ನ ಪ್ರಕಾರ ಹೆಚ್ಚಿನವರು ಸೋಲುವುದು ಇಲ್ಲೇ. ಅಡ್ರಿನಲ್ ಇಲ್ಲದ ಇಲಿ ಮೂತ್ರದಲ್ಲಿ ಉಪ್ಪು ಕಳೆದುಕೊಳ್ಳುತ್ತದೆ, ಕುಡಿಯಲು 0.9% ಉಪ್ಪುನೀರು ಇಡಿ. ಥೈರಾಯ್ಡ್ ಜೊತೆಗೆ ಪ್ಯಾರಾಥೈರಾಯ್ಡೂ ಹೋಗಿದ್ದರೆ ನೀರಿಗೆ ಕ್ಯಾಲ್ಸಿಯಂ ಬೆರೆಸಿ, ಇಲ್ಲವಾದರೆ ಸ್ನಾಯು ಸೆಟೆದು ಸಾಯುತ್ತದೆ.

8. ಹೋಲಿಕೆಗೆ ಇಟ್ಟ ಇಲಿಗಳನ್ನೂ ಸೀಳಿ, ಗ್ರಂಥಿ ನೋಡಿ, ತೆಗೆಯದೆ ಹೊಲಿಯಿರಿ. ಎರಡೂ ಗುಂಪಿಗೆ ನೋವಿನ ಔಷಧ ಒಂದೇ, ದಿನಾ ತೂಕ ನೋಡುವುದೂ ಒಂದೇ. ಇಲಿ ಹೊಲಿಗೆಯನ್ನು ಕಡಿದು ಬಿಚ್ಚುತ್ತದೆ, ಹಾಗಾಗಿ ಚರ್ಮದ ಒಳಪದರದಲ್ಲೇ ಹೊಲಿಗೆ ಹಾಕಿ.

ಶುಕ್ರವಾರ ಮಾತ್ರ ಆಪರೇಶನ್ ಇಟ್ಟುಕೊಳ್ಳಬೇಡಿ. ಭಾನುವಾರವೂ ಪಂಜರ ನೋಡಲು ಯಾರಾದರೂ ಇರಬೇಕು.