ಪದ ಕೇಳಿಸ್ತಿಲ್ಲವಲ್ಲ ಸ್ವಾಮಿ

ಪ್ರೀತಿಯ ಪುಟ್ಟೀ,

ನೀನು ಕಳಿಸಿದ ಪಟ್ಟಿ ತಲುಪಿತು. ಮೇಲೆ ‘ನಮ್ಮ ವರ್ಷ’ ಅಂತ ತಲೆಬರಹ. ಕೆಳಗೆ ತಾರೀಖು, ಊರು, ಜನ ಎಷ್ಟು, ದುಡ್ಡು ಎಷ್ಟು, ಕೊನೆಯಲ್ಲಿ ಷರಾ. ಷರಾ ಅನ್ನುವ ಪದ ನಿಮ್ಮ ತಲೆಮಾರಿಗೆ ಇನ್ನೂ ಗೊತ್ತಿದೆಯಲ್ಲ, ಅದೇ ಸಂತೋಷ. ನಿಮ್ಮಪ್ಪನ ಕಚೇರಿಯ ಕಡತದಿಂದ ಬಂದಿರಬೇಕು. “ಮಾವ, ಓದಿ ಏನಾದರೂ ಹೇಳಿ” ಅಂದಿದ್ದೆ. ಫೋನಿನಲ್ಲಿ ಹೇಳಿದರೆ ನೀನು ಹೂಂಗುಟ್ಟುತ್ತೀಯೇ ಹೊರತು ಕೇಳುವುದಿಲ್ಲ, ಅದು ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹಾಗೆ ಗಿಟಾರು ಬೆನ್ನಿಗೆ ಹಾಕಿಕೊಂಡು ಬಸ್ಸು ಹತ್ತುವ ಬೇರೆ ಹುಡುಗ ಹುಡುಗಿಯರಿಗೂ ಆದೀತು ಅಂತ ಪತ್ರಿಕೆಗೇ ಕೊಡುತ್ತಿದ್ದೇನೆ. ಬ್ಯಾಂಡಿನ ಹೆಸರು ಹಾಕಿಲ್ಲ, ಹೆದರಬೇಡ.

23 ಶೋ. ಎಣಿಸಿದೆ: ಬೆಂಗಳೂರಿನ ಪಬ್ಬುಗಳಲ್ಲಿ ಒಂಬತ್ತು, ಕಾಲೇಜು ಫೆಸ್ಟು ಆರು, ಕಂಪನಿಗಳ ಪಾರ್ಟಿ ಮೂರು, ಗಣೇಶನ ಪೆಂಡಾಲು ಎರಡು, ರಾಜ್ಯೋತ್ಸವ ಎರಡು, ಯಾರದೋ ಆರತಕ್ಷತೆ ಒಂದು. ಮೊದಲ ವರ್ಷಕ್ಕೆ ಇದು ಕಡಿಮೆಯೇನಲ್ಲ. ಪಬ್ಬಿನ ಎದುರು ನಕ್ಷತ್ರ ಹಾಕಿದ್ದೀಯ, ಕಂಪನಿ ಪಾರ್ಟಿಯ ಎದುರು ರೂಪಾಯಿ ಗುರುತು. ಹದಿನೇಳನೆಯ ಸಾಲಿನಲ್ಲಿ, ಮಂಡ್ಯದ ಕಡೆಯ ಆ ರಾಜ್ಯೋತ್ಸವದ ಎದುರು, ಬರೀ ಒಂದು ಪದ: ‘ದಂಡ’. ಪಕ್ಕದಲ್ಲಿ ಸಣ್ಣಕ್ಷರದಲ್ಲಿ, ‘ಈ ಜನಕ್ಕೆ ರಾಕ್ ಅರ್ಥವಾಗಲ್ಲ’.

ಆವತ್ತು ನಾನು ಅಲ್ಲಿದ್ದೆ. ನಿನಗೆ ಹೇಳಿರಲಿಲ್ಲ. ಹೇಳಿದ್ದರೆ ನೀನು ಮುಂದಿನ ಸಾಲಿನ ಕುರ್ಚಿ ಹಾಕಿಸುತ್ತಿದ್ದೆ, ಅಲ್ಲಿ ಕೂತು ಕೇಳುವುದು ನನಗೆ ಆಗುವುದಿಲ್ಲ. ಏಳು ಗಂಟೆಗೆ ಕರೆದವರು ನಿಮ್ಮನ್ನು ಹತ್ತಿಸಿದ್ದು ಒಂಬತ್ತೂಮುಕ್ಕಾಲಿಗೆ. ನಡುವೆ ಸ್ವಾಗತ, ಪ್ರಾಸ್ತಾವಿಕ, ಹನ್ನೊಂದು ಜನಕ್ಕೆ ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ. ಹತ್ತಕ್ಕೆ ಧ್ವನಿವರ್ಧಕ ಬಂದ್; ಶಬ್ದಮಾಲಿನ್ಯದ ನಿಯಮ 2000ದಿಂದಲೂ ಇದೆ, ಆಯೋಜಕರಿಗೂ ಗೊತ್ತು, ಸನ್ಮಾನ ಮಾತ್ರ ಯಾರೂ ಬಿಡುವುದಿಲ್ಲ. ನಿಮಗೆ ಸಿಕ್ಕಿದ್ದು ಎರಡೂವರೆ ಹಾಡು. ಸಿಟ್ಟು ಬಂದದ್ದು ನ್ಯಾಯವೇ. ಆದರೆ ಈ ವಿಷಯದಲ್ಲಿ ನಾವು ಹಳಬರು ಸ್ವಲ್ಪ ಪಳಗಿದವರು. ನಮ್ಮ ವಾದ್ಯಗೋಷ್ಠಿಯಲ್ಲಿ ‘ಹತ್ತು ನಿಮಿಷದ ಪೊಟ್ಟಣ’ ಅಂತ ಒಂದಿತ್ತು: ಪರಿಚಯವಿಲ್ಲ, ಟ್ಯೂನಿಂಗ್ ಇಲ್ಲ, ಹತ್ತಿದ ತಕ್ಷಣ ಎರಡು ಹಾಡು, ಮಧ್ಯೆ ಉಸಿರು ಬಿಡುವ ಹಾಗಿಲ್ಲ. ನೀವು ಅವತ್ತಿನ ಹದಿನೈದು ನಿಮಿಷದಲ್ಲಿ ನಾಲ್ಕು ನಿಮಿಷ ಪೆಡಲುಗಳ ತಂತಿ ಸಿಕ್ಕು ಬಿಡಿಸುತ್ತಾ ಕಳೆದಿರಿ.

ನಾನು ನಿಂತದ್ದು ಮೈದಾನದ ಕೊನೆಯಲ್ಲಿ, ಮೆಣಸಿನಕಾಯಿ ಬಜ್ಜಿಯ ಗಾಡಿಯ ಹತ್ತಿರ. ಗಾಡಿಯವನಿಗೆ ಐವತ್ತೈದರ ಮೇಲೆ. ನೀವು ಷರೀಫರ ಹಾಡು ಎತ್ತಿಕೊಂಡಾಗ ಅವನು ಏನು ಮಾಡಿದ ಗೊತ್ತೆ? ಬಾಣಲೆಯಲ್ಲಿ ಆರು ಬಜ್ಜಿ ಇರುವಂತೆಯೇ ಸ್ಟವ್ ಸಣ್ಣ ಮಾಡಿದ. ಅದರ ಭರ್ರೋ ಸದ್ದು ತಗ್ಗಿತು. ಜಾಲರಿ ಸೌಟು ಕೈಯಲ್ಲೇ ಹಿಡಿದು, ತಲೆ ಓರೆ ಮಾಡಿ, ವೇದಿಕೆಯ ಕಡೆ ಕಿವಿ ಕೊಟ್ಟ. ಅರ್ಧ ನಿಮಿಷ ನಿಂತಿರಬಹುದು. ಆಮೇಲೆ ನನ್ನ ಕಡೆ ತಿರುಗಿ, “ಪದ ಕೇಳಿಸ್ತಿಲ್ಲವಲ್ಲ ಸ್ವಾಮಿ” ಅಂದು ಸ್ಟವ್ ಮತ್ತೆ ದೊಡ್ಡದು ಮಾಡಿದ.

ಪುಟ್ಟೀ, ನಿನ್ನ ಷರಾ ತಪ್ಪು ಅನ್ನುವುದಕ್ಕೆ ನನಗೆ ಇಷ್ಟು ಸಾಕು. ಅವನಿಗೆ ನಿಮ್ಮ ಗಿಟಾರಿನ ಗೊರಗೊರ ಅಡ್ಡಿಯಾಗಿರಲಿಲ್ಲ. ಹಾಡು ಬೇಕಾಗಿತ್ತು, ಅದು ಅಲ್ಲಿಯ ತನಕ ತಲುಪಲಿಲ್ಲ.

ನಾನು 1979ರಿಂದ 1991ರ ತನಕ ಮೈಸೂರಿನ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸಿದವನು. ಗಿವ್ಸನ್ ಗಿಟಾರು, ಅಹುಜಾ ಆಂಪ್ಲಿಫೈಯರು, ಬಾಡಿಗೆ ವ್ಯಾನು. ಅದು ರಾಕ್ ಅಲ್ಲ ಅಂತ ನೀನು ಮೂಗು ಮುರಿಯಬಹುದು, ಒಪ್ಪಿದೆ. ಆದರೂ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜ್‌ಕುಮಾರ್ ಹಾಡಿದ ಆ ಇಂಗ್ಲಿಷ್ ಹಾಡನ್ನು ಊರೂರಿನ ಪೆಂಡಾಲಿನಲ್ಲಿ ನುಡಿಸಿದವರು ನಾವು, 1981ರಲ್ಲಿ ‘ಗೀತಾ’ ಬಂದ ಮೇಲೆ ಇಳಯರಾಜಾ ಅವರ ಗಿಟಾರು ಬರದವನಿಗೆ ಆರ್ಕೆಸ್ಟ್ರಾದಲ್ಲಿ ಕೆಲಸವೇ ಇರಲಿಲ್ಲ. ಚೀಟಿಯಲ್ಲಿ ಹಾಡಿನ ಹೆಸರು ಬರೆದು, ಹತ್ತು ರೂಪಾಯಿ ಸುತ್ತಿ ವೇದಿಕೆಗೆ ಕಳಿಸುತ್ತಿದ್ದರು. ಹನ್ನೆರಡು ವರ್ಷದಲ್ಲಿ ಒಂದು ಚೀಟಿಯಲ್ಲೂ ‘ಗಿಟಾರ್ ಚೆನ್ನಾಗಿತ್ತು’ ಅಂತ ಯಾರೂ ಬರೆದದ್ದಿಲ್ಲ. ಮೊದಮೊದಲು ಬೇಜಾರಾಗುತ್ತಿತ್ತು. ನಮ್ಮ ಜನ ಹಾಡನ್ನು ಹಿಡಿದುಕೊಳ್ಳುವುದು ಅದರ ಸಾಹಿತ್ಯದ ತುದಿಯಿಂದ, ಅದು ತಿಳಿಯುವುದಕ್ಕೆ ನನಗೆ ಬಹಳ ದಿನ ಬೇಕಾಯಿತು.

ಬೆಂಗಳೂರಿನ ಅರಮನೆ ಮೈದಾನವನ್ನೇ ತೆಗೆದುಕೋ. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಅಲ್ಲಿಗೆ ಬಂದು ಹೋದರು. ಅವೆಲ್ಲ ನಿನಗೆ ಬಾಯಿಪಾಠ. ಅದೇ ಮೈದಾನದಲ್ಲಿ 2005ರಲ್ಲಿ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ಮಾಡಿದರು. ಕವಿತೆಗಳನ್ನು ಕೇಳಲು ಮೈದಾನ ತುಂಬಿತ್ತು. ವಾದ್ಯಗಳೇನು ಕಡಿಮೆ ಇರಲಿಲ್ಲ, ಅವರ ಗಂಟಲೂ ಮೆತ್ತಗಿನದಲ್ಲ. ಆ ಧ್ವನಿಮುದ್ರಿಕೆ ಹಾಕಿಕೊಂಡು ಒಂದೇ ಒಂದು ಗಮನಿಸು: ಸಾಲು ಶುರುವಾದ ಕೂಡಲೇ ವಾದ್ಯಗಳು ಹೇಗೆ ಪಕ್ಕಕ್ಕೆ ಸರಿಯುತ್ತವೆ ಅಂತ.

ಇನ್ನು ಕೆಲಸದ ಮಾತು. ಸೌಂಡಿನವನಿಗೆ ‘ವೋಕಲ್ ಜಾಸ್ತಿ ಕೊಡಿ’ ಅಂತ ಕೂಗಿದರೆ ಮೈಕು ಕುಂಯ್ ಅನ್ನುತ್ತದೆ, ಅಷ್ಟೇ. ಯಾವ ಅಕ್ಷರ ಅಂತ ಕಿವಿ ಗುರುತು ಹಿಡಿಯುವ ವ್ಯಂಜನದ ಸದ್ದು ಹೆಚ್ಚಾಗಿ ಇರುವುದು 2,000ದಿಂದ 4,000 ಹರ್ಟ್ಸ್ ಆಸುಪಾಸಿನಲ್ಲಿ. ಡಿಸ್ಟಾರ್ಷನ್ ಒತ್ತಿದ ಗಿಟಾರು ಬಂದು ಕೂರುವುದೂ ಅಲ್ಲೇ. ನೀನು ಹಾಡುವಾಗ ನಿಮ್ಮ ಹುಡುಗ ಆ ಮಿಡ್ ತಗ್ಗಿಸಲಿ, ಅಂಗೈ ತಂತಿಗೆ ಒತ್ತಿ ನುಡಿಸಲಿ, ಸಾಲು ಮುಗಿದ ಮೇಲೆ ಬೇಕಾದಷ್ಟು ಗುಡುಗಲಿ.

ಎರಡನೆಯದು ನಿನ್ನದೇ ತಪ್ಪು. ನೀನು ಕಲಿತ ಇಂಗ್ಲಿಷ್ ಹಾಡುಗಳಲ್ಲಿ ಸಾಲಿನ ಭಾರ ಎಷ್ಟೋ ಸಲ ಕೊನೆಗೆ ಬೀಳುತ್ತದೆ. ಆ ಕೊನೆಯ ಪದ ವ್ಯಂಜನದಲ್ಲಿ ಟಕ್ ಅಂತ ನಿಲ್ಲುತ್ತದೆ. ನಮ್ಮ ಪದಗಳು ಮುಗಿಯುವುದು ಸ್ವರದಲ್ಲಿ, ಒತ್ತು ಇರುವುದು ಮೊದಲ ಅಕ್ಷರದ ಕಡೆ. ಆ ಅಚ್ಚಿನಲ್ಲಿ ಕನ್ನಡ ಸುರಿದರೆ ಬಾಲ ಬೆಳೆದು ತಲೆ ಮಾಯವಾಗುತ್ತದೆ. ನಿನ್ನ ಎರಡನೇ ಹಾಡಿನಲ್ಲಿ ‘ಬಳೆ’ ಅಂತ ಬರುತ್ತದಲ್ಲ, ಅದರ ಮೊದಲಕ್ಷರವನ್ನು ಎರಡು ಮಾತ್ರೆಗೆ ಎಳೆದಿದ್ದೀಯ. ನಾನು ಮೂರು ಸಲ ಕೇಳಿದೆ. ಮೂರು ಸಲವೂ ಅಜ್ಜಿಯ ಕೈಯಲ್ಲಿ ‘ಬಾಳೆ’ಯೇ ಇತ್ತು. ಪಾಪ, ಅವಳ ನೆನಪಿಗೆ ಬರೆದ ಹಾಡು. ಹ್ರಸ್ವ ದೀರ್ಘ ನಮಗೆ ಕಾಗುಣಿತದ ಕಾಟವಲ್ಲ, ಅರ್ಥವೇ ಅದರ ಮೇಲೆ ನಿಂತಿದೆ. ಎಳೆಯಬೇಕಾದರೆ ದೀರ್ಘ ಇರುವ ಕಡೆ ಎಳೆ, ಇಲ್ಲವಾದರೆ ಪದ ಬದಲಿಸು.

ಷರೀಫರ ಹಾಡಿನ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಮೈಸೂರಿನಲ್ಲೇ ಬೆಳೆದ ರಘು ದೀಕ್ಷಿತ್ 2008ರ ತಮ್ಮ ಆಲ್ಬಮ್ಮಿನಲ್ಲಿ ಷರೀಫರನ್ನು ಹಾಡಿದ ಮೇಲೆ ಪ್ರತಿ ಬ್ಯಾಂಡೂ ಅದಕ್ಕೇ ಕೈ ಹಾಕುತ್ತದೆ. ಹಾಕಲಿ. 1889ರಲ್ಲಿ ಗತಿಸಿದವರ ಪದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ನೀವು ಹಾಡಿದ ಧಾಟಿ ಷರೀಫರದ್ದಲ್ಲ, ಅಶ್ವತ್ಥರದ್ದು. ಅವರು ತೀರಿಕೊಂಡದ್ದು 2009ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಹಕ್ಕು ಕರ್ತೃ ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಒಂಬತ್ತನೇ ಶೋನಲ್ಲಿ ಬೇಂದ್ರೆಯವರ ಕವಿತೆಗೆ ನೀವೇ ಹೊಸ ಧಾಟಿ ಹಾಕಿದಿರಿ, ಚೆನ್ನಾಗಿಯೇ ಇತ್ತು. ಬೇಂದ್ರೆಯವರ ಹಕ್ಕು 2041ರ ಕೊನೆಯವರೆಗೆ ಇದೆ, ಕುವೆಂಪು ಅವರದ್ದು 2054ರವರೆಗೆ. ಧ್ವನಿಮುದ್ರಿಸಿ ಹೊರಗೆ ಬಿಡುವ ಮುಂಚೆ ಹಕ್ಕುದಾರರಿಗೆ ಒಂದು ಕಾಗದ ಬರೆದು ಒಪ್ಪಿಗೆ ತೆಗೆದುಕೊಳ್ಳಿ. ನಿಮ್ಮ ಸ್ವಂತ ಹಾಡುಗಳಿಗೂ ಇದೇ ಮಾತು. ಯಾರು ಪದ ಬರೆದರು, ಯಾರು ಧಾಟಿ ಕಟ್ಟಿದರು, ಈಗಲೇ ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿ. ಈಗ ಆ ಹಾಳೆಗೆ ಬೆಲೆಯಿಲ್ಲ, ಆದ್ದರಿಂದ ಜಗಳವೂ ಇಲ್ಲ. ನಮ್ಮ ಆರ್ಕೆಸ್ಟ್ರಾ ಒಡೆದದ್ದು ಒಂದೇ ಒಂದು ಕ್ಯಾಸೆಟ್ಟು ಹೊರಗೆ ಬಂದ ಮೇಲೆ.

ಪಬ್ಬಿನ ನಕ್ಷತ್ರಗಳ ಬಗ್ಗೆ ಹೆಚ್ಚು ಹೇಳಲಾರೆ, ಆ ಲೋಕ ನನ್ನದಲ್ಲ. ಕಡೇ ಗಳಿಗೆಯಲ್ಲಿ ಎರಡು ರದ್ದಾದವು ಅಂತ ಗೊಣಗಿದ್ದೀಯ. ಬೆಂಗಳೂರಿನ ಹೋಟೆಲು ರೆಸ್ಟೋರೆಂಟಿನಲ್ಲಿ ಲೈವ್ ಸಂಗೀತಕ್ಕೆ ಪೊಲೀಸ್ ಪರವಾನಗಿ ಬೇಕು ಅನ್ನುವ ಆದೇಶ 2005ರದು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಪೋಸ್ಟರು ಮಾಡಿಸುವ ಮುಂಚೆ ‘ಲೈಸೆನ್ಸ್ ಇದೆಯಾ’ ಅಂತ ಬಾಯಿಬಿಟ್ಟು ಕೇಳು. ಇಂದಿರಾನಗರದ ಹಮ್ಮಿಂಗ್ ಟ್ರೀ ಹೆಸರನ್ನು ನಿಮ್ಮ ಹುಡುಗರು ದೇವಸ್ಥಾನದ ಹಾಗೆ ಹೇಳುತ್ತಾರೆ, ಅದೂ 2013ರಲ್ಲಿ ತೆರೆದು 2019ಕ್ಕೆ ಮುಚ್ಚಿತು. ಇಂಥ ಜಾಗಗಳು ಬರುತ್ತವೆ, ಹೋಗುತ್ತವೆ. ಗಣಪತಿ ಪೆಂಡಾಲು ಮಾತ್ರ ಪ್ರತಿ ವರ್ಷ ಹಾಕುತ್ತಾರೆ.

ದುಡ್ಡು. 25,000 ಅಂತ ಬರೆದ ಆ ಕಂಪನಿ ಪಾರ್ಟಿಯ ಲೆಕ್ಕ ನಾನೇ ಬಿಡಿಸಿದೆ: ಟೆಂಪೋಗೆ 4,500, ಜಾಮ್ ರೂಮಿಗೆ ಗಂಟೆಗೆ 400ರಂತೆ ಹನ್ನೆರಡು ಗಂಟೆಗೆ 4,800, ಊಟ ತಂತಿ ಅಂತ 2,000. ಉಳಿದದ್ದು 13,700. ನಾಲ್ಕು ಪಾಲು ಮಾಡಿ ತಲೆಗೆ 3,425 ತೆಗೆದುಕೊಂಡಿರಿ. ಐದು ಪಾಲು ಮಾಡಿ. ತಲೆಗೆ 2,740 ಬರುತ್ತದೆ. ಐದನೆಯದು ಬ್ಯಾಂಡಿನದು, ಬ್ಯಾಂಕಿನಲ್ಲಿರಲಿ. ನಮ್ಮಲ್ಲಿ ‘ಸೆಟ್ಟಿನ ಪಾಲು’ ಅಂತ ಇತ್ತು, ಸೆಟ್ಟಿನ ಯಜಮಾನನೇ ಅದನ್ನು ತೆಗೆದುಕೊಳ್ಳುತ್ತಿದ್ದ. ನಿಮಗೆ ಯಜಮಾನ ಇಲ್ಲ, ಅದು ನಿಮ್ಮ ಪುಣ್ಯ.

ಷರಾದಲ್ಲಿ ಡ್ರಮ್ಸ್ ಹುಡುಗನ ಹೆಸರು ಮೂರು ಸಲ ಬಂದಿದೆ, ಮೂರೂ ಸಲ ‘ತಡ’ ಅಂತ. ಮಂಡ್ಯದಲ್ಲಿ ನೀವು ಮೂವರೂ ಆಯೋಜಕರ ಜೊತೆ ಜಗಳ ಮಾಡುತ್ತಿದ್ದಾಗ ಅವನೊಬ್ಬನೇ ಸ್ಟ್ಯಾಂಡುಗಳನ್ನು ಮಡಚಿ, ಸಿಂಬಲ್‌ಗಳನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಟೆಂಪೋಗೆ ಆರು ಸಲ ಓಡಾಡಿದ್ದನ್ನು ನಾನು ನೋಡಿದೆ. ಏಳನೇ ಸಲ ನಾನೂ ಒಂದು ಚೀಲ ಹೊತ್ತೆ. ಯಾರು ಅಂತ ಅವನು ಕೇಳಲೂ ಇಲ್ಲ, “ಥ್ಯಾಂಕ್ಸ್ ಅಂಕಲ್” ಅಂದ. ಅವನಿಗೆ ತಡವಾಗುವುದು ಯಾಕೆ ಅಂತ ಒಂದು ದಿನ ಅವನ ಜೊತೆ ಟೆಂಪೋದಲ್ಲಿ ಬಂದು ನೋಡು.

ಇನ್ನೆರಡು ಷರಾ ಓದಿ ನನಗೆ ನಿಜವಾಗಿ ಸಿಟ್ಟು ಬಂತು. ಒಂದು, ಗಣೇಶನ ಪೆಂಡಾಲಿನದು: ‘ಮೈಕ್ ಶಾಕ್ ಹೊಡೀತು, ಹಹಹ’. ನಮ್ಮ ಕಾಲದ ಗಾಯಕರು ಮೈಕಿಗೆ ಕರ್ಚೀಫು ಸುತ್ತುತ್ತಿದ್ದದ್ದು ಶೋಕಿಗಲ್ಲ. ಅರ್ಥಿಂಗ್ ಇಲ್ಲದ ಕಡೆ ಆಂಪ್ಲಿಫೈಯರಿಗೆ ಒಂದು ಲೈನು, ಮೈಕಿನ ಸೆಟ್ಟಿಗೆ ಇನ್ನೊಂದು. ಕೈ ತಂತಿಯ ಮೇಲೆ, ತುಟಿ ಮೈಕಿಗೆ, ನಡುವೆ ನೀನು. ಮಲ್ಟಿಮೀಟರಿನ ಒಂದು ಕಡ್ಡಿ ಗಿಟಾರಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಇಟ್ಟು ನೋಡದೆ ಹಾಡಬೇಡ. ಮುಳ್ಳು ಅಲ್ಲಾಡಿದರೆ ಎಲೆಕ್ಟ್ರಿಷಿಯನ್ ಬರುವ ತನಕ ಕೆಳಗೆ ಕೂತಿರು, ಜನ ಶಿಳ್ಳೆ ಹಾಕಿದರೆ ಹಾಕಲಿ.

ಇನ್ನೊಂದು: ‘ಮೂರು ದಿನ ಕಿವಿ ಗುಂಯ್, ಸೂಪರ್ ಸೌಂಡ್’. ನನ್ನ ಎಡಗಿವಿಯಲ್ಲಿ ಆ ಗುಂಯ್ ಮೂವತ್ತು ವರ್ಷದಿಂದ ಇದೆ. ಹನ್ನೆರಡು ವರ್ಷ ಸಿಂಬಲ್ ನನ್ನ ಎಡಕ್ಕಿತ್ತು. ನಿಮ್ಮ ಅತ್ತೆ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಕೇಳಿದರೆ ನನಗೆ ಹೇಳುವುದಕ್ಕಾಗುವುದಿಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಅನ್ನುತ್ತಾರೆ. ಮೂರು ಡೆಸಿಬೆಲ್ ಏರಿದರೆ ಹೊತ್ತು ಅರ್ಧಕ್ಕಿಳಿಯುತ್ತದೆ. ಹಾಗೆ ಇಳಿಸುತ್ತಾ ಹೋದರೆ 100ಕ್ಕೆ ಸಿಗುವುದು ಹದಿನೈದೇ ನಿಮಿಷ. ನಿಮ್ಮ ಜಾಮ್ ರೂಮಿನ ನಾಲ್ಕು ಗೋಡೆಯೊಳಗೆ ನೀವು ಒಂದೊಂದು ಸಲಕ್ಕೆ ಮೂರು ಗಂಟೆ ಕೂರುತ್ತೀರಿ. ಕಿವಿಗೆ ಹಾಕುವ ಪ್ಲಗ್ಗು ನಾಲ್ಕು ಜೊತೆ ತಂದಿಟ್ಟಿದ್ದೇನೆ, ಬಂದಾಗ ತೆಗೆದುಕೊಂಡು ಹೋಗು. ಡ್ರಮ್ಸ್ ಹುಡುಗನಿಗೆ ಮೊದಲು ಕೊಡು.

ಮುಂದಿನ ನವೆಂಬರಿಗೆ ಅದೇ ಊರಿನವರು ಮತ್ತೆ ಕೇಳಿದ್ದಾರೆ, ಒಪ್ಪಬೇಕೋ ಬೇಡವೋ ಅಂತ ಕೊನೆಯಲ್ಲಿ ಬರೆದಿದ್ದೀಯ. ಒಪ್ಪಿಕೋ. ಸನ್ಮಾನಕ್ಕೆ ಮುಂಚೆ ಇಪ್ಪತ್ತು ನಿಮಿಷ ಕೊಡಿ ಅಂತ ಕೇಳಿನೋಡು. ಕೊಡುವುದಿಲ್ಲ, ಆದರೂ ಕೇಳು. ಹತ್ತು ನಿಮಿಷದ ಪೊಟ್ಟಣ ಮಾತ್ರ ಸಿದ್ಧವಿರಲಿ. ಬಜ್ಜಿ ಗಾಡಿಯ ಹತ್ತಿರ ನಾನಿರುತ್ತೇನೆ.

ಭಾನುವಾರ ಮನೆಗೆ ಬರುವಾಗ ಆ ಎರಡನೇ ಹಾಡನ್ನು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತಾ. ಗಿಟಾರು ಬೇಡ. ಅಡುಗೆಮನೆ ಬಾಗಿಲಲ್ಲಿ ನಿಂತು ಅತ್ತೆಗೆ ಬರೀ ಓದಿ ಹೇಳು, ಅವಳು ಮಿಕ್ಸಿ ಹಾಕಿಕೊಂಡಿದ್ದರೂ ನಿಲ್ಲಿಸುವುದಕ್ಕೆ ಹೇಳಬೇಡ. ‘ಬಳೆ’ ಅವಳಿಗೆ ಕೇಳಿಸಿತೋ ‘ಬಾಳೆ’ ಕೇಳಿಸಿತೋ, ಆಮೇಲೆ ಇಬ್ಬರೂ ಕೂತು ಆ ಸಾಲಿಗೆ ಏನು ಮಾಡಬೇಕೋ ನೋಡೋಣ.

ಇಂತಿ,
ನಿನ್ನ ಮಾವ
ಮೈಸೂರು