ಬೆಂಕಿ ಲಾರಿಯ ದಾರಿಯಲ್ಲಿ ಕಲಿತದ್ದು

ಬಂಡೀಪುರ, ನಾಗರಹೊಳೆಗಳಲ್ಲಿ ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಮಾಡುವುದನ್ನು ಕಂಡವರಿಗೆ ಫೈರ್ ಟ್ರೇಲ್ ಎಂದ ಕೂಡಲೇ ಅದೇ ಚಿತ್ರ ಕಣ್ಣಿಗೆ ಬರುತ್ತದೆ. ಎರಡೂ ಒಂದಲ್ಲ. ಬೆಂಕಿ ರೇಖೆ ಎಂದರೆ ಹುಲ್ಲು, ತರಗೆಲೆ ಸವರಿ ಸುಟ್ಟು, ಬೆಂಕಿಗೆ ತಿನ್ನಲು ಏನೂ ಸಿಗದ ಹಾಗೆ ಬಿಟ್ಟ ಪಟ್ಟಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಫೈರ್ ಟ್ರೇಲ್ ಮೊದಲಿಗೆ ಒಂದು ದಾರಿ. ನೀರು ಹೊತ್ತ ಲಾರಿ ಕಾಡಿನೊಳಗೆ ಬೆಂಕಿಯ ತನಕ ಹೋಗಬೇಕು, ಬೇಕಾದರೆ ಆ ದಾರಿಯ ಅಂಚಿನಿಂದಲೇ ಎದುರು ಬೆಂಕಿ ಹಚ್ಚಬೇಕು, ಸುರಕ್ಷಿತವಾಗಿ ಹೊರಗೆ ಬರಬೇಕು. ಅದಕ್ಕಾಗಿ ಕಡಿದ ದಾರಿಯಲ್ಲಿ ವಾರಾಂತ್ಯಕ್ಕೆ ನಮ್ಮಂಥವರೂ ಫೋರ್ ವೀಲ್ ಡ್ರೈವ್ ಗಾಡಿ ತೆಗೆದುಕೊಂಡು ಹೋಗುತ್ತೇವೆ.

ನಾನು ಮೂಡಿಗೆರೆ ಕಡೆಯವನು. ಸಿಡ್ನಿಗೆ ಬಂದ ಮೂರನೇ ವರ್ಷ ಹಳೆಯ ಡೀಸೆಲ್ ಪ್ರಾಡೊ ಕೊಂಡೆ. ಅಂದಿನಿಂದ ಬ್ಲೂ ಮೌಂಟನ್ಸ್, ನ್ಯೂನ್ಸ್ ಪ್ರಸ್ಥಭೂಮಿ, ವಾಟಗನ್ಸ್ ಕಾಡುಗಳಲ್ಲಿ, ವರ್ಷಕ್ಕೊಮ್ಮೆ ವಿಕ್ಟೋರಿಯಾದ ಹೈ ಕಂಟ್ರಿಯಲ್ಲಿ ಓಡಾಡುತ್ತಿದ್ದೇನೆ. 2017ರಿಂದ ಇಲ್ಲಿ ನಾವಿರುವ ಊರಿನ ಅಗ್ನಿಶಾಮಕ ದಳದಲ್ಲಿ ಸ್ವಯಂಸೇವಕನೂ ಹೌದು. ಒಂದೇ ದಾರಿಯನ್ನು ಪ್ರಾಡೊದ ಸೀಟಿನಿಂದಲೂ ಬೆಂಕಿ ಲಾರಿಯ ಸೀಟಿನಿಂದಲೂ ನೋಡಿದ ಮೇಲೆ ಗಾಡಿ ಓಡಿಸುವ ನನ್ನ ರೀತಿಯೇ ಬದಲಾಯಿತು.

1. ಮೊದಲು ಗೇಟು, ಆಮೇಲೆ ಗೇರು.

ನಕ್ಷೆಯಲ್ಲಿ ಗೆರೆ ಇದೆ ಎಂದರೆ ಹೋಗಲು ಒಪ್ಪಿಗೆ ಇದೆ ಎಂದಲ್ಲ. ಇಲ್ಲಿನ ರಾಷ್ಟ್ರೀಯ ಉದ್ಯಾನಗಳ ಎಷ್ಟೋ ಫೈರ್ ಟ್ರೇಲ್‌ಗಳಿಗೆ ಬೀಗ ಹಾಕಿದ ಗೇಟಿದೆ. ನಡೆದು ಹೋಗುವವರಿಗೆ, ಸೈಕಲ್‌ನವರಿಗೆ ಬಿಡುತ್ತಾರೆ, ಗಾಡಿಗೆ ಇಲ್ಲ. ವಿಕ್ಟೋರಿಯಾದಲ್ಲಿ ಜೂನ್‌ನ ರಾಜನ ಹುಟ್ಟುಹಬ್ಬದ ರಜೆ ಮುಗಿದ ಮೇಲೆ ಬೆಟ್ಟದ ಅನೇಕ ದಾರಿಗಳನ್ನು ಅಕ್ಟೋಬರ್ ಕೊನೆಯವರೆಗೆ ಮುಚ್ಚಿಬಿಡುತ್ತಾರೆ. ಹಿಮ, ಮಳೆಯಲ್ಲಿ ನೆನೆದ ದಾರಿಗೆ ಅದು ಬಾಣಂತನದ ಕಾಲ ಇದ್ದ ಹಾಗೆ, ಮುಟ್ಟಬಾರದು. ತೆರೆದ ಗೇಟು ಕಂಡರೆ ತೆರೆದೇ ಬಿಡಿ, ಮುಚ್ಚಿದ್ದನ್ನು ದಾಟಿದರೆ ಮುಚ್ಚಿ. ಗೇಟಿನ ಮುಂದೆ ಗಾಡಿ ನಿಲ್ಲಿಸಿ ಚಾರಣಕ್ಕೆ ಹೋಗುವ ಅಭ್ಯಾಸವನ್ನಂತೂ ಇಂದೇ ಬಿಡಿ. ಅಲ್ಲಿಗೆ ಯಾವ ಹೊತ್ತಿನಲ್ಲಿ ಲಾರಿ ಬರುತ್ತದೆಂದು ಯಾರೂ ಹೇಳಲಾರರು.

2. ಟೈರಿನ ಗಾಳಿ ಇಳಿಸದೆ ಮಣ್ಣಿಗೆ ಇಳಿಯಬೇಡಿ.

ನಮ್ಮೂರಿನ ಎಸ್ಟೇಟ್ ಜೀಪುಗಳಿಗೆ ಮಳೆಗಾಲ ಬಂತೆಂದರೆ ಚಕ್ರಕ್ಕೆ ಸರಪಳಿ ಕಟ್ಟುತ್ತಿದ್ದರು. ಅದು ಎಸ್ಟೇಟಿನ ಸ್ವಂತ ರಸ್ತೆ, ಕಿತ್ತು ಹೋದರೆ ಬೇಸಿಗೆಯಲ್ಲಿ ಕಲ್ಲು ಹಾಕಿಸುವವರೂ ಅವರೇ. ಇಲ್ಲಿ ಸರಪಳಿ ಕಟ್ಟಿ ಮಣ್ಣಿನ ದಾರಿಗೆ ಇಳಿದರೆ ದಾರಿಯನ್ನು ಉತ್ತಂತೆ. ಇಲ್ಲಿಯ ಉಪಾಯ ಗಾಳಿ ಇಳಿಸುವುದು.

ಡಾಂಬರಿನ ಮೇಲೆ ನಾನು 36 ಪಿಎಸ್‌ಐ ಇಡುತ್ತೇನೆ. ಜಲ್ಲಿ ರಸ್ತೆಗೆ 28, ಕಲ್ಲು ಏರು-ಇಳಿವಿಗೆ 22ರ ಆಸುಪಾಸು, ಮರಳಿಗೆ 16 ಅಥವಾ 18. ಗಾಳಿ ಇಳಿದಾಗ ಟೈರು ಅಗಲಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಹರಡಿ ಕೂರುತ್ತದೆ. ಚೂಪುಗಲ್ಲಿನ ಮೇಲೆ ಹತ್ತಿದರೆ ಕಲ್ಲಿಗೆ ತಕ್ಕಂತೆ ಮಡಚಿಕೊಳ್ಳುತ್ತದೆ, ಸೀಳುವುದಿಲ್ಲ. ಇದೆಲ್ಲ ಗಾಡಿಗೆ ಆಗುವ ಲಾಭ. ದಾರಿಗೂ ಲಾಭವಿದೆ: ಬಿಗಿ ಟೈರು ಏರಿನಲ್ಲಿ ಸುಮ್ಮನೆ ಸುತ್ತುತ್ತದೆ, ಸುತ್ತಿದಷ್ಟೂ ಗುಂಡಿ ತೋಡುತ್ತದೆ. ಕಡಿದಾದ ಏರಿನ ಬುಡದಲ್ಲಿ ಸಾಲಾಗಿ ಗುಂಡಿ ಕಂಡರೆ, ಗಾಳಿ ಇಳಿಸಲು ಐದು ನಿಮಿಷ ಕೊಡದವರು ಅಲ್ಲಿ ಹಾದುಹೋಗಿದ್ದಾರೆಂದು ನನಗೆ ಗೊತ್ತಾಗುತ್ತದೆ. ಗಾಳಿ ಕಡಿಮೆ ಇರುವಾಗ ವೇಗವೂ ಕಡಿಮೆ ಇರಬೇಕು; ಜೋರಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚುತ್ತದೆ.

3. ಮಣ್ಣು ಹಸಿ ಇದ್ದರೆ ವಾಪಸು ಬನ್ನಿ.

ಇದನ್ನು ಕಲಿತದ್ದು ಲಾರಿಯಲ್ಲಿ.

2019ರ ಅಕ್ಟೋಬರ್ 26ರಂದು ವೊಲೆಮೈ ರಾಷ್ಟ್ರೀಯ ಉದ್ಯಾನದ ಗಾಸ್ಪರ್ಸ್ ಮೌಂಟನ್ ಹತ್ತಿರ ಸಿಡಿಲು ಹೊಡೆದು ಹತ್ತಿದ ಬೆಂಕಿ, ಜನವರಿ ನಡುವಿನ ತನಕ ಹತೋಟಿಗೆ ಬರಲಿಲ್ಲ. ಐದು ಲಕ್ಷ ಹೆಕ್ಟೇರಿಗೂ ಹೆಚ್ಚು ಕಾಡು ಹೋಯಿತು. ಡಿಸೆಂಬರ್‌ನ ಒಂದು ರಾತ್ರಿ ನಮ್ಮ ದೊಡ್ಡ ಟ್ಯಾಂಕರ್ ಅದರ ಅಂಚಿನ ಟ್ರೇಲ್ ಒಂದಕ್ಕೆ ಹೋಗಬೇಕಾಗಿತ್ತು. ಬೆನ್ನ ಮೇಲೆ 3,000 ಲೀಟರಿಗೂ ಮಿಕ್ಕಿದ ನೀರು. ಎರಡು ದಿಬ್ಬಗಳ ನಡುವೆ ದಾರಿ ತಗ್ಗಿಗೆ ಇಳಿಯುವಲ್ಲಿ ಜೇಡಿಮಣ್ಣು. ಅಲ್ಲಿ ಮೊಣಕಾಲಾಳದ ಎರಡು ಜಾಡು, ಯಾರೋ ಮಳೆಯಲ್ಲಿ ಒದ್ದಾಡಿ ಮಾಡಿದ್ದು, ಬೇಸಿಗೆಯಲ್ಲಿ ಒಣಗಿ ಇಟ್ಟಿಗೆಯಾಗಿತ್ತು. ಕಾರಿನ ಚಕ್ರಗಳ ನಡುವಿನ ಅಂತರ ಬೇರೆ, ಲಾರಿಯದು ಬೇರೆ. ಲಾರಿಯ ಒಂದು ಬದಿ ಜಾಡಿಗೆ ಬಿದ್ದು ಇನ್ನೊಂದು ಬದಿ ಮೇಲೆ ಉಳಿದರೆ, ಮೇಲಿನ ನೀರೂ ಸೇರಿ ವಾಲುತ್ತದೆ. ಕ್ಯಾಪ್ಟನ್ ಲಾರಿ ನಿಲ್ಲಿಸಿದರು. ನಾವು ಇಳಿದು ಹೆಲ್ಮೆಟ್ ದೀಪದಲ್ಲಿ ಕಲ್ಲು, ಮರದ ತುಂಡು ಹೊತ್ತು ತಂದು ಜಾಡಿಗೆ ತುಂಬಿದೆವು. ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಎದುರಿನ ದಿಬ್ಬದ ಹಿಂದೆ ಆಕಾಶ ಕೆಂಪಗೆ ಉಬ್ಬಿ ಉಬ್ಬಿ ಬರುತ್ತಿತ್ತು. ಯಾರೂ ಮಾತಾಡಲಿಲ್ಲ.

ಆ ಜಾಡು ನನ್ನದಲ್ಲ. ಆದರೆ ಅದರ ಹಿಂದಿನ ವರ್ಷ, ಮಳೆ ನಿಂತ ಮರುದಿನ ಬೆಳಗ್ಗೆ, ಗೆಳೆಯರ ಮೂರು ಗಾಡಿಗಳ ಜೊತೆ ಬೇರೊಂದು ಟ್ರೇಲಿನಲ್ಲಿ ನಾನೂ ಅಂಥದೇ ಜಾಡು ಮಾಡಿದ್ದೆ. ಅದರ ಫೋಟೋ ಊರಿಗೆ ಕಳಿಸಿದ್ದೆ. ಕಲ್ಲು ಹೊರುತ್ತಿದ್ದಷ್ಟು ಹೊತ್ತೂ ಅದೇ ತಲೆಯಲ್ಲಿತ್ತು.

ಈಗ ದಾರಿಯ ಮೊದಲ ತಗ್ಗಿನಲ್ಲಿ ಇಳಿದು ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯುತ್ತೇನೆ. ದೇವರ ದೀಪದ ಬತ್ತಿಯಂತೆ ಮುರಿಯದೆ ಉದ್ದಕ್ಕೆ ಬಂದರೆ ಗಾಡಿ ತಿರುಗಿಸುತ್ತೇನೆ. ಪುಡಿಯಾಗಿ ಉದುರಿದರೆ ಮುಂದೆ. ಇನ್ನೂರು ಕಿಲೋಮೀಟರ್ ಬಂದು ಹೀಗೆ ತಿರುಗಿದ್ದೂ ಇದೆ.

4. ಅಡ್ಡ ಒಡ್ಡಿನ ಪಕ್ಕದಿಂದ ನುಸುಳಬೇಡಿ.

ಇಳಿಜಾರಿನ ಟ್ರೇಲ್‌ಗಳಿಗೆ ಅಡ್ಡಲಾಗಿ ಅಲ್ಲಲ್ಲಿ ಮಣ್ಣಿನ ದಿಬ್ಬ ಹಾಕಿರುತ್ತಾರೆ. ಹೊಸಬರು ಅದನ್ನು ವೇಗ ತಡೆಯುವ ಹಂಪ್ ಎಂದುಕೊಳ್ಳುತ್ತಾರೆ. ಅದು ನಮ್ಮ ಹೊಲದ ಒಡ್ಡಿನ ಕೆಲಸ ಮಾಡುತ್ತದೆ: ದಾರಿಯ ಮೇಲೆ ಓಡಿ ಬರುವ ಮಳೆನೀರನ್ನು ಪಕ್ಕದ ಕಾಡಿಗೆ ತಿರುಗಿಸುತ್ತದೆ. ಹೊಟ್ಟೆ ತಾಗೀತೆಂದು ಒಡ್ಡಿನ ತುದಿಯನ್ನು ಬಳಸಿ ಒಂದು ಗಾಡಿ ಹೋದರೆ, ಹಿಂದಿನವರೆಲ್ಲ ಅಲ್ಲೇ ಹೋಗುತ್ತಾರೆ. ನಾಲ್ಕು ಮಳೆಗೆ ನೀರೂ ಅಲ್ಲೇ ಹೋಗುತ್ತದೆ, ಕೊರಕಲು ಬೀಳುತ್ತದೆ. ಒಡ್ಡಿಗೆ ನೇರವಾಗಿ, ನಡೆಯುವ ವೇಗದಲ್ಲಿ ಹತ್ತಿ. ನೆತ್ತಿಯಲ್ಲಿ ಒಂದು ಕ್ಷಣ ಬಾನೆಟ್ ಬಿಟ್ಟರೆ ಏನೂ ಕಾಣುವುದಿಲ್ಲ. ಅಲ್ಲಿ ಆತುರ ಬೇಡ. ಆಚೆ ಬದಿಯಲ್ಲಿ ಮಗುವನ್ನು ಹಿಂದೆ ಕೂರಿಸಿಕೊಂಡು ಸೈಕಲ್ ತಳ್ಳುತ್ತಾ ಬರುತ್ತಿದ್ದ ತಾಯಿಯೊಬ್ಬರನ್ನು ನಾನು ಕಂಡಿದ್ದೇನೆ.

5. ಇಳಿವಿನಲ್ಲಿ ಎಂಜಿನ್ ಹಿಡಿಯಲಿ, ಬ್ರೇಕ್ ಅಲ್ಲ.

ವಾಟಗನ್ಸ್‌ನಲ್ಲಿ ದಾವಣಗೆರೆಯ ಹುಡುಗನೊಬ್ಬನಿಗೆ ಮೊದಲ ಬಾರಿ ಗಾಡಿ ಕೊಟ್ಟಿದ್ದೆ. ಇಳಿವಿನ ತಲೆಯಲ್ಲಿ ಅವನ ಕೈ ಸ್ಟೇರಿಂಗ್ ಮೇಲೆ ಬೆವರಿತ್ತು.

“ಅಣ್ಣಾ, ಬ್ರೇಕ್ ಹಿಡೀಲಾ?”

“ಬ್ಯಾಡ. ಲೋ ಹಾಕಿದೀಯಲ್ಲ, ಒಂದನೇ ಗೇರಲ್ಲಿದೆ. ಕ್ಲಚ್ ಮೇಲಿಂದ ಕಾಲು ತೆಗೆದು ಪಕ್ಕಕ್ಕಿಡು. ಗಾಡಿ ತಾನೇ ಹಿಡ್ಕೊಂಡು ಇಳೀತದೆ.”

ಇಳಿಯಿತು, ಗಾಣದೆತ್ತಿನ ನಡಿಗೆಯಲ್ಲಿ. ಲೋ ಎಂದರೆ ಫೋರ್ ವೀಲ್ ಗಾಡಿಯ ನಿಧಾನದ, ಬಲದ ಗೇರು. ಸಡಿಲ ಜಲ್ಲಿಯ ಮೇಲೆ ಬ್ರೇಕ್ ಜೋರಾಗಿ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ, ಸ್ಟೇರಿಂಗೂ ಕೇಳುವುದಿಲ್ಲ. ಕ್ಲಚ್ ಒತ್ತಿದರೆ ಹಿಡಿದಿದ್ದ ಎಂಜಿನ್ ಕೈಬಿಡುತ್ತದೆ.

ಏರಿನಲ್ಲಿ ಅರ್ಧಕ್ಕೆ ನಿಂತರೆ ಬ್ರೇಕ್ ಹಿಡಿದು, ಲೋ ರಿವರ್ಸ್ ಹಾಕಿ, ಬಂದ ಜಾಡಿನಲ್ಲೇ ನೇರವಾಗಿ ಹಿಂದಕ್ಕೆ ಇಳಿಯಿರಿ. ಅಲ್ಲೇ ತಿರುಗಿಸಿಕೊಳ್ಳೋಣ ಎಂಬ ಯೋಚನೆ ಬಂದರೆ ಅದನ್ನು ಅಲ್ಲೇ ಬಿಡಿ. ಇಳಿಜಾರಿಗೆ ಅಡ್ಡ ನಿಂತ ಗಾಡಿ ಉರುಳಲು ಒಂದು ಕಲ್ಲು ಸಾಕು.

6. ಹಳ್ಳವನ್ನು ಕಾಲಿನಿಂದ ಅಳೆಯಿರಿ.

ನಡೆದು ದಾಟಲು ಧೈರ್ಯ ಬಾರದ ನೀರಿಗೆ ಗಾಡಿ ಇಳಿಸಬೇಡಿ. ನನ್ನ ಪ್ರಾಡೊಗೆ ಕಂಪನಿ ಹೇಳುವ ಆಳ 700 ಮಿಲಿಮೀಟರ್. ಅದು ನಿಂತ ನೀರಿನ ಲೆಕ್ಕ, ಹರಿಯುವ ನೀರಿಗೆ ಅದರ ಅರ್ಧವೂ ಹೆಚ್ಚಾಗಬಹುದು. ಮನೆಗೆ ಬಂದ ಮೇಲೆ ಡಿಫರೆನ್ಶಿಯಲ್ ಆಯಿಲ್ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಹೊಕ್ಕಿದೆ.

7. ಹೂತಾಗ ಮೊದಲು ಗುದ್ದಲಿ, ಕೊನೆಗೆ ಹಗ್ಗ. ಟೋ ಬಾಲ್‌ಗೆ ಯಾವತ್ತೂ ಇಲ್ಲ.

ಈ ಪಾಠವನ್ನು ದಯವಿಟ್ಟು ಎರಡು ಸಲ ಓದಿ. ಸ್ನ್ಯಾಚ್ ಸ್ಟ್ರಾಪ್ ಎಂಬ ಎಳೆಯುವ ಪಟ್ಟಿ ರಬ್ಬರಿನಂತೆ ಹಿಗ್ಗುತ್ತದೆ. ಮುಂದಿನ ಗಾಡಿ ಓಡಿದಾಗ ಹಿಗ್ಗಿ, ಆ ಬಲವನ್ನೆಲ್ಲ ಒಳಗೆ ಹಿಡಿದಿಟ್ಟು, ಕುಗ್ಗುವಾಗ ಹೂತ ಗಾಡಿಯನ್ನು ಕಿತ್ತು ತೆಗೆಯುತ್ತದೆ. ಟ್ರೇಲರ್ ಸಿಕ್ಕಿಸುವ ಗುಂಡು, ಅಂದರೆ ಟೋ ಬಾಲ್, ಈ ಎಳೆತಕ್ಕೆ ಮಾಡಿದ್ದಲ್ಲ. ಅದು ತುಂಡಾದರೆ ಹಿಗ್ಗಿದ ಪಟ್ಟಿ ಕವಣೆಯಾಗುತ್ತದೆ, ಉಕ್ಕಿನ ಗುಂಡು ಕವಣೆಕಲ್ಲಾಗುತ್ತದೆ. ಗಾಜು ಒಡೆದು ಬಂದ ಟೋ ಬಾಲ್ ತಗುಲಿ ಆಸ್ಟ್ರೇಲಿಯಾದಲ್ಲಿ ಜನ ಸತ್ತಿದ್ದಾರೆ. ಎಳೆತಕ್ಕೆಂದೇ ತೂಕ ನಮೂದಿಸಿದ ಕೊಂಡಿ ಗಾಡಿಗೆ ಹಾಕಿಸಿಕೊಳ್ಳಿ. ಕೊಂಡಿ ಇಲ್ಲದ ಗಾಡಿಯನ್ನು ಎಳೆಯಲು ನಾನು ಒಪ್ಪುವುದಿಲ್ಲ, ಕೇಳಿದವರು ಎಷ್ಟೇ ಬೇಕಾದವರಾಗಿರಲಿ. ಪಟ್ಟಿಯ ನಡುವೆ ದಪ್ಪ ಕಂಬಳಿಯೋ ಒದ್ದೆ ಗೋಣಿಯೋ ಹಾಕಿ, ನೋಡುವವರನ್ನೆಲ್ಲ ಪಟ್ಟಿಯ ಉದ್ದಕ್ಕಿಂತ ಒಂದೂವರೆ ಪಟ್ಟು ದೂರ ನಿಲ್ಲಿಸಿ.

ಬಹುಪಾಲು ಸಲ ಇಷ್ಟೆಲ್ಲ ಬೇಕಾಗುವುದೇ ಇಲ್ಲ. ಚಕ್ರದ ಮುಂದಿನ ಮಣ್ಣು ತೆಗೆದು, ಗಾಳಿ ಇನ್ನೂ ನಾಲ್ಕು ಪಿಎಸ್‌ಐ ಇಳಿಸಿ, ಹಲ್ಲುಗಳಿರುವ ಪ್ಲಾಸ್ಟಿಕ್ ಹಲಗೆ ತೂರಿಸಿದರೆ ಗಾಡಿ ಮೆಲ್ಲಗೆ ಎದ್ದು ಬರುತ್ತದೆ.

8. ಫೋನ್ ನಂಬಬೇಡಿ.

ಕಣಿವೆಗೆ ಇಳಿದರೆ ಸಿಗ್ನಲ್ ಇರುವುದಿಲ್ಲ. ಯುಎಚ್‌ಎಫ್ ರೇಡಿಯೊದಲ್ಲಿ 10ನೇ ಚಾನೆಲ್ ಫೋರ್ ವೀಲ್‌ನವರ ರೂಢಿ. ಕುರುಡು ತಿರುವಿಗೆ ಮುಂಚೆ ಒಂದು ಮಾತು ಹೇಳಿ. ತುರ್ತು ಸಂಕೇತ ಕಳಿಸುವ ಸಣ್ಣ ಬೀಕನ್‌ಗಳನ್ನು ಬ್ಲೂ ಮೌಂಟನ್ಸ್‌ನಲ್ಲಿ ಬಿಟ್ಟಿಯಾಗಿ ಎರವಲು ಕೊಡುತ್ತಾರೆ, ತೆಗೆದುಕೊಳ್ಳಿ.

9. ಮೇಲೂ ನೋಡಿ, ಕೆಳಗೂ ನೋಡಿ.

ಮೇಲೆ ಎಂದರೆ ಮರ. ನಮ್ಮೂರಲ್ಲಿ ನೀಲಗಿರಿ ಎಂದು ಕರೆಯುವ ಮರದ ತವರು ಇದು, ನೂರಾರು ಜಾತಿಗಳಿವೆ. ಗಾಳಿಯಿಲ್ಲದ ಮಧ್ಯಾಹ್ನವೂ ದಪ್ಪ ಕೊಂಬೆ ಕಳಚಿ ಬೀಳುತ್ತದೆ. ಮೇಲೆ ಸಿಕ್ಕಿಕೊಂಡು ತೂಗುವ ಕೊಂಬೆಗೆ ಇಲ್ಲಿಯವರು ವಿಡೋ ಮೇಕರ್ ಎನ್ನುತ್ತಾರೆ, ವಿಧವೆ ಮಾಡುವಂಥದ್ದು ಎಂದು. ಬೆಂಕಿ ಹಾದುಹೋದ ಕಾಡಿನಲ್ಲಿ ಬುಡ ಒಳಗಿಂದ ಸುಟ್ಟು ಟೊಳ್ಳಾದ ಮರಗಳು ವರ್ಷಗಟ್ಟಲೆ ಹಸಿರು ಚಿಗುರು ಹೊತ್ತು ನಿಂತಿರುತ್ತವೆ. ಟೆಂಟ್ ಹಾಕುವ ಮುಂಚೆ ಬುಡವನ್ನು ಸುತ್ತಿ ನೋಡಿ.

ಕೆಳಗೆ ಎಂದರೆ ಒಣಹುಲ್ಲು. ಡೀಸೆಲ್ ಗಾಡಿಯ ಸೈಲೆನ್ಸರ್ ಕೊಳವೆ ಎಷ್ಟು ಕಾದಿರುತ್ತದೆಂದರೆ, ಎತ್ತರದ ಹುಲ್ಲಿನ ಮೇಲೆ ನಿಲ್ಲಿಸಿದರೆ ಕಾಡಿಗೆ ನಾವೇ ಕೊಳ್ಳಿ ಇಟ್ಟಂತೆ. ತುಸು ದೂರವಾದರೂ ಬರಿ ಮಣ್ಣಿನಲ್ಲಿ ನಿಲ್ಲಿಸಿ. 2022ರಿಂದ ಇಡೀ ದೇಶಕ್ಕೆ ಬೆಂಕಿ ಅಪಾಯದ ನಾಲ್ಕು ಹಂತಗಳ ಒಂದೇ ಮಾಪಕ ಇದೆ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕೆಟಸ್ಟ್ರೋಫಿಕ್. ಕೊನೆಯ ಎರಡರಲ್ಲಿ ಯಾವುದಿದ್ದರೂ ನಾನು ಕಾಡಿಗೆ ಹೋಗುವುದಿಲ್ಲ. ಉಳಿದ ದಿನಗಳಲ್ಲೂ ಹೊರಗೆ ಬರಲು ಎರಡನೆಯ ದಾರಿ ಯಾವುದೆಂದು ಒಳಗೆ ಹೋಗುವ ಮೊದಲೇ ಗುರುತು ಹಾಕಿಕೊಳ್ಳುತ್ತೇನೆ.

10. ಕಾಡಿನ ಮಣ್ಣನ್ನು ಕಾಡಿನಲ್ಲೇ ಉದುರಿಸಿ.

ಅಡಿಕೆಗೆ ಕೊಳೆರೋಗ ಬಂದ ವರ್ಷ ಮಲೆನಾಡಿನ ಮನೆಗಳು ಹೇಗಿರುತ್ತವೆಂದು ನನ್ನೂರಿನವರಿಗೆ ಹೇಳಬೇಕಾಗಿಲ್ಲ. ಆ ಕೊಳೆ ತರುವುದು ಫೈಟಾಫ್ತೊರ ಎಂಬ ಕುಲದ ಜೀವಿ. ಮೆಣಸಿನ ಬಳ್ಳಿಯನ್ನು ಸೊರಗಿಸುವುದೂ ಅದೇ ಕುಲ. ಅದರ ದಾಯಾದಿ ಫೈಟಾಫ್ತೊರ ಸಿನ್ನಮೋಮಿ ಆಸ್ಟ್ರೇಲಿಯಾದ ಕಾಡುಗಳಲ್ಲಿ ಮಣ್ಣಿನಲ್ಲಿದ್ದುಕೊಂಡು ಬೇರು ಕೊಳೆಸುತ್ತದೆ. ಬ್ಯಾಂಕ್ಸಿಯಾದಂಥ ಗಿಡಗಳು ನಿಂತಲ್ಲೇ ಒಣಗುತ್ತವೆ. ಒಂದು ಟ್ರೇಲಿನಿಂದ ಇನ್ನೊಂದಕ್ಕೆ ಅದು ಹೋಗುವುದು ಚಕ್ರಕ್ಕೆ, ಬೂಟಿಗೆ ಅಂಟಿದ ಮಣ್ಣಿನಲ್ಲಿ. 1994ರಲ್ಲಿ ವೊಲೆಮೈಯ ಕಣಿವೆಯೊಂದರಲ್ಲಿ ಡೇವಿಡ್ ನೋಬಲ್ ಎಂಬ ಉದ್ಯಾನದ ಅಧಿಕಾರಿಯ ಕಣ್ಣಿಗೆ ಬಿದ್ದ ವೊಲೆಮೈ ಪೈನ್ ಇದೆಯಲ್ಲ, ಬಲಿತ ಮರ ಕಾಡಿನಲ್ಲಿ ನೂರೂ ಇಲ್ಲ. ಆ ಜಾಗವನ್ನು ಇಂದಿಗೂ ಗುಟ್ಟಾಗಿ ಇಟ್ಟಿರುವ ಕಾರಣಗಳಲ್ಲಿ ಈ ಕೊಳೆಯ ಭಯವೂ ಒಂದು. 2019-20ರಲ್ಲಿ ಆ ಮರಗಳನ್ನು ಬೆಂಕಿಯಿಂದ ಉಳಿಸಲು ಹೆಲಿಕಾಪ್ಟರ್‌ನಿಂದ ಜನ ಇಳಿಸಿ, ನೀರಿನ ಕೊಳವೆ ಜೋಡಿಸಿ, ವಿಮಾನದಿಂದ ಬೆಂಕಿ ತಡೆಯುವ ದ್ರಾವಣ ಸುರಿದರು. ಬೂಟಿನ ಮಣ್ಣಿಗೆ ಅಷ್ಟು ಕಷ್ಟ ಬೇಡ, ಒಂದು ಬ್ರಷ್ ಸಾಕು.

ಹಾಗಾಗಿ ಟ್ರೇಲ್ ಮುಗಿದು ಡಾಂಬರು ಸಿಗುವಲ್ಲಿ ನಾನು ಅರ್ಧ ಗಂಟೆ ನಿಲ್ಲುತ್ತೇನೆ. ಕಂಪ್ರೆಸರ್ ಹಚ್ಚಿ ಟೈರುಗಳಿಗೆ ಒಂದೊಂದಾಗಿ 36ರ ತನಕ ಗಾಳಿ ತುಂಬುತ್ತೇನೆ. ಅದು ಗರಗರ ಎನ್ನುತ್ತಿರುವಾಗ ಹೆಂಡತಿ ಬೂಟುಗಳ ತಳ ಉಜ್ಜಿ ಸ್ಪಿರಿಟ್ ಚಿಮುಕಿಸುತ್ತಾಳೆ. ನಾನು ಮಡ್‌ಗಾರ್ಡಿನ ಒಳಗೆ ಕೈ ಹಾಕಿ, ಹೆಂಟೆಗಟ್ಟಿದ ಮಣ್ಣನ್ನು ಕಡ್ಡಿಯಿಂದ ಬಿಡಿಸಿ, ಗಟ್ಟಿ ಬ್ರಷ್ಷಿನಿಂದ ತಿಕ್ಕುತ್ತೇನೆ. ಮಣ್ಣು ಟ್ರೇಲಿನ ಬಾಯಲ್ಲೇ ಉದುರುತ್ತದೆ. ಆಮೇಲೆ ಗೇಟಿನ ಸರಪಳಿ ಮತ್ತೊಮ್ಮೆ ಎಳೆದು ನೋಡಿ ಹೊರಡುತ್ತೇವೆ.